ಬೀಗಕ್ಕೆ ಮೊದಲ ಶ್ರಾವಣ

ಸೋಮವಾರ ಬೆಳಗ್ಗೆ ಒಂಬತ್ತು ಗಂಟೆಗೆ ಗೋಡೆಯ ಪರದೆಯ ಮೇಲೆ ಅರವತ್ತೊಂದು ಚುಕ್ಕಿಗಳು ಹಳದಿಗೆ ತಿರುಗಿದವು. ಹಿಂದಿನ ಸೋಮವಾರ ಐವತ್ತೆಂಟು ಇದ್ದವು. ಅದಕ್ಕೂ ಹಿಂದಿನ ಸೋಮವಾರ ಒಂದೇ ಒಂದೂ ಇರಲಿಲ್ಲ, ಸಾವಿರದ ನಾನೂರೂ ಹಸಿರು.

"ಇದೇನ್ರೀ ಇದು! ಯಾರೋ ಸಾಲಾಗಿ ನಿಂತು ಎಬ್ಬಿಸ್ತಿದಾರಲ್ರೀ!" ಅಂದರು ಡಾ. ರವಿಕಿರಣ್. ತುಮಕೂರಿನ ಆ ಸಂಶೋಧನಾ ಕೇಂದ್ರಕ್ಕೆ ಅವರೇ ಮುಖ್ಯಸ್ಥರು. ಕುರ್ಚಿ ಬಿಟ್ಟು ಏಳದ ಮನುಷ್ಯ, ಆವತ್ತು ಮಾತ್ರ ಗೋಡೆಯಿಂದ ಕಿಟಕಿಗೆ, ಕಿಟಕಿಯಿಂದ ಗೋಡೆಗೆ ಓಡಾಡುತ್ತಿದ್ದರು.

ಅವರ ಕೈಕೆಳಗಿನ ಡಾ. ಸಿಂಚನ ಬಾಕಿ ಅರವತ್ತರ ಕಡೆ ಕಣ್ಣೆತ್ತಿ ಸಹ ನೋಡಲಿಲ್ಲ. ಅವಳ ಕಣ್ಣು ನೆಟ್ಟಿದ್ದು ೧೧೮೭ನೇ ಚುಕ್ಕಿಯ ಮೇಲೆ. ಅದೂ ಹಳದಿ. ಎರಡನೇ ಸಲ ಹಳದಿ.

ಈ ಚುಕ್ಕಿ ಅಂದರೆ ಏನು ಅಂತ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ತಲೆ ಕೆರೆದುಕೊಳ್ಳುವುದು ಬೇಡ. ಸ್ತನ ಕ್ಯಾನ್ಸರಿನ ಗಡ್ಡೆಯನ್ನು ಕೊಯ್ದು ತೆಗೆದರೂ ಒಂದಿಷ್ಟು ಕೋಶಗಳು ಅದಕ್ಕೆ ಮೊದಲೇ ತಪ್ಪಿಸಿಕೊಂಡು ಹೋಗಿ ಮೂಳೆಯಲ್ಲೋ ಪಿತ್ತಜನಕಾಂಗದಲ್ಲೋ ಸದ್ದಿಲ್ಲದೆ ಮಲಗಿರುತ್ತವೆ. ಹೆಣ್ಣಿನ ಮೈಯಲ್ಲೇ ಹುಟ್ಟುವ ಹಾರ್ಮೋನು ಬಂದು ಬಾಗಿಲು ತಟ್ಟಿತು ಅನ್ನಿ, ಅವು ಎದ್ದು ರಕ್ತದಲ್ಲಿ ಅಲೆಯಲು ಹೊರಡುತ್ತವೆ. ಅಲೆದಲೆದು ಎಲ್ಲಾದರೂ ಬೇರು ಬಿಟ್ಟರೆ ರೋಗ ಹರಡಿತು ಅಂತಲೇ ಲೆಕ್ಕ. ಈ ಕೇಂದ್ರದವರು ಹನ್ನೊಂದು ವರ್ಷ ಒದ್ದಾಡಿ ಮಾಡಿದ ಮಾತ್ರೆ ಆ ಬಾಗಿಲನ್ನು ಮುಚ್ಚುತ್ತದೆ. ತಟ್ಟಿದರೂ ಕೇಳಿಸುವುದಿಲ್ಲ, ಕೋಶಗಳು ಮಲಗಿದಲ್ಲೇ ಮಲಗಿರುತ್ತವೆ. ಕಡತದಲ್ಲಿ ಅದಕ್ಕೆ ಮಾರುದ್ದದ ಹೆಸರಿದೆ. ನುಂಗುವ ಹೆಂಗಸರು ಮಾತ್ರ ಅದನ್ನು ಬೀಗ ಅಂತಲೇ ಕರೆದರು, ಕೊನೆಗೆ ಡಾಕ್ಟರುಗಳ ಬಾಯಲ್ಲೂ ಅದೇ ಬಂತು.

ಬೀಗ ನಿಂತಿದೆಯೋ ಇಲ್ಲವೋ ನೋಡಲು ಕೊರಳಿನ ಕೆಳಗೆ, ಚರ್ಮದಡಿಗೆ ಒಂದು ಕಾಳು ಇಡುತ್ತಾರೆ. ಅದಕ್ಕೆ ಜೀರಿಗೆ ಅಂತ ಹೆಸರು, ಇರುವುದೂ ಅಷ್ಟೇ ಗಾತ್ರ. ರಕ್ತದಲ್ಲಿ ಅಲೆಯುವ ಕೋಶಗಳನ್ನು ಎಣಿಸಿ ದಿನಾ ಬೆಳಗ್ಗೆ ಕೇಂದ್ರಕ್ಕೆ ಕಳಿಸುವುದು ಅದರ ಕೆಲಸ. ಇಪ್ಪತ್ತರೊಳಗಿದ್ದರೆ ಹಸಿರು, ದಾಟಿದರೆ ಹಳದಿ. ಸೋಮವಾರದ ಎಣಿಕೆಯೇ ತೀರ್ಪು. ಸತತ ಮೂರು ಸೋಮವಾರ ಹಳದಿಯಾದರೆ ಆ ಕೋಶಗಳು ಎಲ್ಲೋ ನೆಲೆ ಹುಡುಕಿಕೊಂಡಿವೆ ಅಂತ ಅರ್ಥ. ಆಗ ಆ ಹೆಂಗಸಿಗೆ ಬೀಗ ನಿಲ್ಲಿಸಿ ಹಳೆಯ ಕಟು ಕೀಮೋ ಇಂಜೆಕ್ಷನ್ ಹಾಕಬೇಕು. ಹಾಗೆ ಐವತ್ತು ಜನರಿಗಿಂತ ಹೆಚ್ಚಾದರೆ ಬೀಗವನ್ನೇ ಎಲ್ಲರಿಗೂ ನಿಲ್ಲಿಸಬೇಕು, ಹನ್ನೊಂದು ವರ್ಷದ ಕೆಲಸ ಹಳ್ಳ ಹಿಡಿದ ಹಾಗೆ.

೧೧೮೭ ಅಂದರೆ ಪಲ್ಲವಿ, ಸಿಂಚನಳ ವಾರಗಿತ್ತಿ. ಶಿರಾ ಗೇಟಿನ ಹತ್ತಿರ ಅಣ್ಣತಮ್ಮಂದಿರ ಸಂಸಾರ ಎರಡೂ ಒಂದೇ ಮನೆಯಲ್ಲಿ, ಒಂದೇ ಅಡುಗೆ. ಮದುವೆಯಾಗಿ ಬಂದ ಹೊಸದರಲ್ಲಿ ಸಿಂಚನ ಓದು ಮುಂದುವರಿಸುತ್ತೇನೆ ಅಂದಾಗ, ಅವಳ ಪಾಲಿನ ಪಾತ್ರೆಯನ್ನೂ ತಿಕ್ಕಿ, "ಹೋಗೇ, ಓದ್ಕೋ ಹೋಗು" ಅಂತ ಮಹಡಿಗೆ ಕಳಿಸಿದವಳು ಪಲ್ಲವಿ. ಹೋದ ವರ್ಷ ಅವಳಿಗೆ ಎಂಟು ಸಲ ಇಂಜೆಕ್ಷನ್ ಹಾಕಿದ್ದರು. ಕೂದಲು ಉದುರಿತು, ಬಾಯೆಲ್ಲ ಹುಣ್ಣು, ನೀರು ಕುಡಿದರೂ ವಾಂತಿ. ಕೊನೆಯ ಸಲ ಮುಗಿಸಿಕೊಂಡು ಕಾರಿನಲ್ಲಿ ಬರುವಾಗ ಅವಳು ಸಿಂಚನಳ ಕೈ ಹಿಡಿದು, "ಇನ್ನೊಂದ್ಸಲ ಇದು ಅಂದ್ರೆ ನಂಗಾಗಲ್ಲ ಸಿಂಚು. ಇದಕ್ಕಿಂತ ಸಾಯೋದೇ ವಾಸಿ," ಅಂದಿದ್ದಳು. ಅದು ತಮಾಷೆಯ ಮಾತಾಗಿರಲಿಲ್ಲ.

"ಮಾತ್ರೆ ತಂಪು ಹಿಡಿದಿದೆ ಅನ್ಸುತ್ತೆ. ಮಳೆಗಾಲ," ಅಂದರು ರವಿಕಿರಣ್.

ಹಿರಿಯ ನರ್ಸ್ ರೆಜಿನಾ ತಲೆಯಾಡಿಸಿದರು. "ಹಂಗಿದ್ರೆ ಎಲ್ಲರಿಗೂ ಆಗ್ಬೇಕಿತ್ತಲ್ಲ ಸಾರ್. ನಮ್ಮ ಚರ್ಚಿನವರು ನಾಲ್ಕು ಜನ ಇದೇ ಡಬ್ಬದ್ದೇ ತಿಂತಿರೋದು, ಹಸಿರಾಗೇ ಇದಾರೆ. ಶಿರಾದ ಸಬೀಹಾ, ಅವಳ ನಾದಿನಿ, ಅವರೂ ಹಸಿರು. ಐವತ್ತು ದಾಟಿದೋರು ಒಬ್ಬರೂ ಹಳದಿ ಆಗಿಲ್ಲ."

"ಹಂಗಾದ್ರೆ ವಯಸ್ಸು. ಚಿಕ್ಕ ವಯಸ್ಸಿನೋರಿಗೆ ಹಾರ್ಮೋನ್ ಜಾಸ್ತಿ, ಬೀಗ ಸಾಲ್ತಿಲ್ಲ."

"ಸಬೀಹಾಗೆ ಮೂವತ್ತಾರು ಸಾರ್."

ರವಿಕಿರಣ್ ತಲೆ ಹಿಡಿದುಕೊಂಡರು. ಆಮೇಲೆ ಥಟ್ಟನೆ, "ಊಟ! ಶ್ರಾವಣ ಅಲ್ವೇನ್ರೀ ಇದು? ಇವರೆಲ್ಲ ಮಾಂಸ ಬಿಟ್ಟು ಬರೀ ಕಾಳುಪಲ್ಯ ತಿಂತಿದಾರೆ. ಯಾವುದೋ ಕಾಳು ಬೀಗಕ್ಕೆ ಅಡ್ಡ ಬರ್ತಿದೆ. ಬೀಗಕ್ಕೆ ಇದು ಮೊದಲ ಶ್ರಾವಣ, ನಮಗೆ ಗೊತ್ತಾಗೋಕೆ ದಾರಿನೇ ಇರಲಿಲ್ಲ. ನಾಳೆ ಎಲ್ಲರಿಗೂ ಫೋನ್ ಮಾಡಿ, ಏನ್ ತಿಂದ್ರಿ, ಏನ್ ಕುಡಿದ್ರಿ, ಬಿಡದಂಗೆ ಕೇಳಿ," ಅಂದರು. ಮಾತು ಸರಿಯಾಗಿಯೇ ತೋರಿತು.

ಆ ಸಂಜೆ ಸಿಂಚನ ಮನೆಗೆ ಬಂದಾಗ ಅತ್ತೆ ವನಜಾಕ್ಷಮ್ಮ ನಡುಮನೆಯಲ್ಲಿ ಹುಣಿಸೆಹಣ್ಣು ಹಾಕಿ ಬೆಳ್ಳಿ ಚೊಂಬು ತಿಕ್ಕುತ್ತಿದ್ದರು. ಶುಕ್ರವಾರ ವರಮಹಾಲಕ್ಷ್ಮಿ. ಅರವತ್ತೆಂಟಾದರೂ ಮನೆಯ ಹಬ್ಬದ ಲಗಾಮು ಅವರ ಕೈಯಲ್ಲೇ. ಆದರೆ ಈ ಸಲ ಪೂಜೆಗೆ ಕೂರುವವಳು ಪಲ್ಲವಿ, ಅವರೇ ಹೇಳಿಬಿಟ್ಟಿದ್ದರು. ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಹೋದ ವರ್ಷ, ಬೋಳು ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಮಣೆಯ ಮೇಲೆ ಕೂತಿದ್ದ ಪಲ್ಲವಿಗೆ ಪೂಜೆಯ ನಡುವೆಯೇ ಮುಟ್ಟಾಗಿ, ಸೀರೆಯ ಹಿಂಭಾಗ ಕೈಯಲ್ಲಿ ಮುಚ್ಚಿಕೊಂಡು ಎದ್ದು ಹೋಗಬೇಕಾಗಿತ್ತು. ಅರಿಶಿನ ಕುಂಕುಮಕ್ಕೆ ಬಂದಿದ್ದವರಲ್ಲಿ ಯಾರೋ ಒಬ್ಬಳು, "ಇಂಥದ್ದೆಲ್ಲ ಆಗೋ ಮನೆಗೇ ಅಂಥ ಕಾಯಿಲೆ ಬರೋದು," ಅಂದಿದ್ದು ಅವಳ ಕಿವಿಗೂ ಬಿದ್ದಿತ್ತು. ಪಾಪ, ಇಂಜೆಕ್ಷನ್ನಿನ ನೋವನ್ನಾದರೂ ಮರೆತಾಳು, ಆ ಮಾತನ್ನು ಮರೆತಿರಲಿಲ್ಲ.

"ನನ್ನ ಚುಕ್ಕಿ ಏನಂತೆ?" ಅಂತ ಪಲ್ಲವಿ ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದಳು.

ಸಿಂಚನ ಸುಳ್ಳು ಹೇಳಲು ಬಾಯಿ ತೆರೆದು, ಹೇಳಲಾರದೆ, "ಹಳದಿ ಅಕ್ಕ," ಅಂದಳು.

ಪಲ್ಲವಿ ಒಲೆ ಸಣ್ಣಗೆ ಮಾಡಿದಳು. ಹೊಸದಾಗಿ ಬಂದಿದ್ದ ಗುಂಗುರು ಕೂದಲನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. "ಇನ್ನೊಂದು ಸೋಮವಾರ ಇದೆ ತಾನೇ?" ಅಂದಳು.

"ಇದೆ. ಅಷ್ಟರಲ್ಲಿ ಹುಡುಕ್ತೀನಿ."

"ಹುಡುಕೇ. ನೀನಿದೀಯಲ್ಲ ಅಂತಲೇ ನಾನು ಧೈರ್ಯವಾಗಿರೋದು."

ಆ ಮಾತು ಸಿಂಚನಳನ್ನು ರಾತ್ರಿಯಿಡೀ ಕುಟುಕಿತು. ಮಂಗಳವಾರ ಬೆಳಗ್ಗೆ ಎದ್ದಾಗಲೂ ತಲೆಯಲ್ಲಿ ಹುರುಳಿ, ಅವರೆ, ಸೋಯಾ ಅಂತ ಕಾಳುಗಳೇ ಕುಣಿಯುತ್ತಿದ್ದವು. ವನಜಾಕ್ಷಮ್ಮ ಕಾಫಿ ಲೋಟದ ಜೊತೆ ಸ್ಟೀಲ್ ಡಬ್ಬಿ ತೆಗೆದು ಇಬ್ಬರು ಸೊಸೆಯರಿಗೂ ಒಂದೊಂದು ಬಿಳಿ ಮಾತ್ರೆ ಕೊಟ್ಟರು. ಭೀಮನ ಅಮಾವಾಸ್ಯೆಗೆ ಮುಂಚಿನಿಂದ ದಿನಾ ನಡೆದಿದ್ದ ಪದ್ಧತಿ ಅದು, ಹಬ್ಬ ಮುಗಿಯುವ ತನಕ ಯಾರೂ ಹೊರಗಾಗಬಾರದಲ್ಲ. ಸಿಂಚನ ನುಂಗಿ, ಕಾಫಿ ಕುಡಿದು, ಕೇಂದ್ರಕ್ಕೆ ಓಡಿದಳು.

ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೆರಡು ಫೋನ್ ಮುಗಿದಿದ್ದವು. ಅದೇ ಪ್ರಶ್ನೆ, ಅದೇ ಉತ್ತರ. ಕಾಳು ತಿಂದವರೂ ಹಳದಿ, ತಿನ್ನದವರೂ ಹಳದಿ. ಇಪ್ಪತ್ತಮೂರನೆಯವಳು ಗುಬ್ಬಿಯ ಸ್ಪಂದನ, ಬಸ್ ಡಿಪೋದಲ್ಲಿ ಕೆಲಸ.

"ಈ ಹದಿನೈದು ದಿನದಲ್ಲಿ ಬೀಗ ಬಿಟ್ಟು ಬೇರೆ ಯಾವ ಮಾತ್ರೆನಾದ್ರೂ ತಗೊಂಡ್ರಾ?"

"ಇಲ್ಲ ಮೇಡಂ."

"ತಲೆನೋವಿಗೆ? ಗ್ಯಾಸ್ಟ್ರಿಕ್ಕಿಗೆ? ನಾಟಿ ಔಷಧಿ?"

"ಇಲ್ಲ ಅಂದ್ನಲ್ಲ ಮೇಡಂ. ನೀವು ಬೇಡ ಅಂದ್ಮೇಲೆ ಒಂದ್ಲೋಟ ಕಷಾಯನೂ ಕುಡಿದಿಲ್ಲ. ಹಬ್ಬದ್ದು ಒಂದು ಬಿಟ್ರೆ ಏನೂ ಇಲ್ಲ."

"ಹಬ್ಬದ್ದು ಅಂದ್ರೆ?"

ಆ ಕಡೆಯಿಂದ ನಗು ಕೇಳಿಸಿತು. "ಏನ್ ಮೇಡಂ ನೀವು, ಹೆಂಗಸರಾಗಿ ಹಿಂಗ್ ಕೇಳ್ತೀರಾ? ಮುಟ್ಟು ಮುಂದಕ್ಕೆ ಹೋಗ್ಲಿ ಅಂತ ತಗೊಳ್ಳೋದು. ಬೀಗ ಶುರುವಾದಾಗಿಂದ ಅದು ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ ಅಂತ ಪಂಚಾಂಗದೋರಿಗೂ ಗೊತ್ತಾಗಲ್ಲ. ಅದಕ್ಕೇ ಈ ಸಲ ಒಂದು ವಾರ ಮುಂಚೆನೇ ಹಿಡ್ಕೊಂಡಿದೀನಿ. ಅದನ್ನೆಲ್ಲ ಯಾರಾದ್ರೂ ಮಾತ್ರೆ ಅಂತ ಲೆಕ್ಕಕ್ಕೆ ಇಡ್ತಾರಾ? ನೀವು ತಗೊಳ್ಳಲ್ವಾ?"

ಸಿಂಚನ ಪೆನ್ನು ಕೆಳಗಿಟ್ಟಳು. ತಗೊಂಡಿದ್ದಳಲ್ಲ, ಅವತ್ತೇ ಬೆಳಗ್ಗೆ ಏಳಕ್ಕೆ, ಬಿಸಿ ಕಾಫಿಯ ಜೊತೆ! ಅವಳ ಪಕ್ಕದಲ್ಲೇ ನಿಂತು ಪಲ್ಲವಿಯೂ ನುಂಗಿದ್ದಳು.

ನೋಡಿ, ಈ ಹುಡುಗಿ ಹಾರ್ಮೋನಿನ ಮೇಲೆ ಐದು ವರ್ಷ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದವಳು. ಮುಟ್ಟು ಮುಂದೂಡುವ ಮಾತ್ರೆಯೂ ಹಾರ್ಮೋನೇ ಅಂತ ಪರೀಕ್ಷೆಯಲ್ಲಿ ಕೇಳಿದ್ದರೆ ಕಣ್ಣುಮುಚ್ಚಿ ಬರೆಯುತ್ತಿದ್ದಳು. ಬೀಗ ಮುಚ್ಚುವುದು ಮುಂಬಾಗಿಲನ್ನು, ಈ ಮಾತ್ರೆ ಹೋಗಿ ಹಿತ್ತಿಲ ಬಾಗಿಲು ತಟ್ಟುತ್ತದೆ. ಜೀರಿಗೆ ಎಣಿಸುವುದು ಕೋಶಗಳನ್ನು ಮಾತ್ರ, ಎಬ್ಬಿಸಿದವರು ಯಾರು ಅಂತ ಅದು ಹೇಳುವುದಿಲ್ಲ. ಪ್ರಯೋಗಕ್ಕೆ ಸೇರುವವರು ತುಂಬಬೇಕಾದ ಪ್ರಶ್ನೆಪಟ್ಟಿ ಬರೆದವಳೂ ಸಿಂಚನಳೇ. ಥೈರಾಯ್ಡ್ ಮಾತ್ರೆ ಕೇಳಿದ್ದಳು, ಗರ್ಭನಿರೋಧಕ ಕೇಳಿದ್ದಳು, ಲೇಹ್ಯ ಭಸ್ಮ ಎಲ್ಲ ಕೇಳಿದ್ದಳು. ಮದುವೆಯಾದಾಗಿನಿಂದ ಹದಿನಾಲ್ಕು ಶ್ರಾವಣ ತಾನೇ ನುಂಗಿದ ಮಾತ್ರೆಯನ್ನು ಕೇಳಬೇಕು ಅಂತ ಅವಳಿಗೆ ಹೊಳೆದಿರಲಿಲ್ಲ. ಅದು ಔಷಧಿಯ ಕಪಾಟಿನಲ್ಲಿ ಇರುವಂಥದ್ದಲ್ಲ, ಊದುಬತ್ತಿ ಕರ್ಪೂರದ ಜೊತೆ ಇರುವಂಥದ್ದು.

ಅವಳು ರವಿಕಿರಣ್ ಕೋಣೆಗೆ ಹೋಗಿ ನಿಂತೇ ಎಲ್ಲ ಹೇಳಿದಳು, ತನ್ನದೂ ಸೇರಿಸಿ. ಅವರಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು.

"ನಮ್ಮ ಮನೆಯಲ್ಲೂ ತಗೋತಾರಾ ಹಂಗಾದ್ರೆ?" ಅಂದರು.

"ಅದನ್ನ ನೀವು ಮನೇಲಿ ಕೇಳ್ಬೇಕು ಸಾರ್."

ಸಂಜೆಯೊಳಗೆ ಸಿಂಚನ, ರೆಜಿನಾ ಸೇರಿ ಎಲ್ಲರಿಗೂ ಮತ್ತೆ ಫೋನ್ ಮಾಡಿದರು. ಅರವತ್ತೊಂದರಲ್ಲಿ ಐವತ್ತೊಂಬತ್ತು ಜನ ಹೂಂ ಅಂದರು. ಇಬ್ಬರು ಫೋನ್ ಎತ್ತಲಿಲ್ಲ. ಕಾರಣ ಸಿಕ್ಕಿದ ಖುಷಿಗೆ ರೆಜಿನಾ ಕೈ ಮುಗಿದರು. ಖುಷಿ ಬಹಳ ಹೊತ್ತು ಉಳಿಯಲಿಲ್ಲ.

"ಈಗಿಂದೀಗ ನಿಲ್ಲಿಸಿದ್ರೆ ಎಣಿಕೆ ಇಳಿಯೋಕೆ ಶುರುವಾಗೋದೇ ಮೂರನೇ ದಿನ. ಹಸಿರಿಗೆ ಬರೋಕೆ ಐದಾರು ದಿನ ಬೇಕು," ಅಂತ ರವಿಕಿರಣ್ ಬೆರಳು ಮಡಿಸಿದರು. "ಇವತ್ತು ಮಂಗಳವಾರ. ಸೋಮವಾರಕ್ಕೆ ಸರಿಹೋಗುತ್ತೆ. ಆದ್ರೆ ಇವತ್ತೇ ನಿಲ್ಲಿಸ್ಬೇಕು. ಹಬ್ಬ ಮುಗಿಸ್ಕೊಂಡು ನಿಲ್ಲಿಸ್ತೀನಿ ಅಂದ್ರೆ ಇಲ್ಲ."

"ಇವತ್ತು ನಿಲ್ಲಿಸಿದ್ರೆ ಎರಡು ಮೂರು ದಿನಕ್ಕೆ ಮುಟ್ಟಾಗುತ್ತೆ ಸಾರ್. ಅಂದ್ರೆ ಸರಿಯಾಗಿ ಶುಕ್ರವಾರ," ಅಂದಳು ಸಿಂಚನ.

ರವಿಕಿರಣ್ ಹೆಸರಿನ ಪಟ್ಟಿಯನ್ನು ಅವಳ ಕಡೆ ಸರಿಸಿದರು. ಹೇಳಲು ಅವರಿಗೇನು ಗೊತ್ತಿತ್ತು?

ಹಾಗಾಗಿ ಮೂರನೇ ಸುತ್ತು ಫೋನ್ ಶುರುವಾಯಿತು. ಅಬ್ಬಾ, ಅವತ್ತು ಸಿಂಚನಳ ಬಾಯಿ ನೋಡಬೇಕಿತ್ತು! ಅಳುವವರನ್ನು ಸಮಾಧಾನ ಮಾಡಿದಳು, ಹರಕೆ ಇದೆ ಅಂದವರಿಗೆ ಮುಂದಿನ ಶುಕ್ರವಾರ ತೀರಿಸಿ ಅಂದಳು, "ನಾನೂ ಇವತ್ತಿಂದ ನಿಲ್ಲಿಸಿದೀನಿ" ಅಂತ ಧೈರ್ಯ ಕೊಟ್ಟಳು. ಮನೆಯಲ್ಲಿ ಬೈತಾರೆ ಅಂದವರಿಗೆ, "ಫೋನ್ ನಿಮ್ಮತ್ತೆ ಕೈಗೆ ಕೊಡಿ, ನಾನೇ ಮಾತಾಡ್ತೀನಿ," ಅಂದಳು. ಹದಿನೇಳು ಅತ್ತೆಯಂದಿರ ಜೊತೆ ಮಾತಾಡಿದಳು. ಒಬ್ಬಾಕೆ ಫೋನ್ ಕುಕ್ಕಿದರು. ಕುಣಿಗಲ್ಲಿನ ಒಬ್ಬ ಅಜ್ಜಿ, "ನನ್ನ ಸೊಸೆ ಬದುಕಿದ್ರೆ ತಾನೇ ತಾಯಿ ಮುಂದಿನ ವರ್ಷ ಹಬ್ಬ ಮಾಡೋದು?" ಅಂದು ಅಲ್ಲೇ ಮಾತ್ರೆಯನ್ನು ಬಚ್ಚಲಿಗೆ ಸುರಿದರು.

ಏಳು ಗಂಟೆಗೆ ಮನೆಗೆ ಬಂದ ಸಿಂಚನ ಚಪ್ಪಲಿ ಬಿಡುವಷ್ಟರಲ್ಲಿ ಆ ಬಾಯಿ ಕಟ್ಟಿಹೋಯಿತು. ನಡುಮನೆಯ ತುಂಬ ಹಬ್ಬದ ಸಾಮಾನು. ವನಜಾಕ್ಷಮ್ಮ ಕಲಶದ ಮುಖವಾಡವನ್ನು ಬಟ್ಟೆಯಲ್ಲಿ ಒರೆಸುತ್ತ, "ಹೋದ ವರ್ಷ ಬಾಯಿ ಬಿಟ್ಟೋರೆಲ್ಲ ಈ ಸಲ ಕಣ್ಣು ಬಿಟ್ಕೊಂಡು ನೋಡ್ಬೇಕು, ಹಂಗೆ ಕೂರಿಸ್ತೀನಿ ನನ್ನ ಸೊಸೇನ," ಅನ್ನುತ್ತಿದ್ದರು. ಅವರ ಮುಖದ ಆ ಸಂಭ್ರಮ ನೋಡಿ ಸಿಂಚನ ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು. ನಾಳೆ ಹೇಳೋಣ ಅಂದುಕೊಂಡಳು.

ಪಲ್ಲವಿಯನ್ನು ಮಾತ್ರ ಬಟ್ಟೆ ತೆಗೆಯುವ ನೆಪದಲ್ಲಿ ತಾರಸಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದಳು.

ಪಲ್ಲವಿ ತಂತಿ ಹಿಡಿದುಕೊಂಡು ನಿಂತಳು. "ಅಂದ್ರೆ ಈ ಸಲನೂ ನಾನು ಕೂರೋ ಹಾಗಿಲ್ಲ."

"ಅಕ್ಕ, ಪ್ರಾಣದ ವಿಷಯ."

"ಗೊತ್ತು ಕಣೆ. ಅತ್ತೆಗೆ ಏನ್ ಹೇಳ್ಲಿ?"

"ಏನೂ ಹೇಳ್ಬೇಡ. ಬೆಳಗ್ಗೆ ಕೊಟ್ಟಾಗ ಇಸ್ಕೋ, ಸಿಂಕಿಗೆ ಹಾಕು. ಆದಾಗ, ಏನ್ಮಾಡೋದು ಅತ್ತೆ, ಆಗ್ಬಿಡ್ತು ಅನ್ನು. ನಾನೂ ಹಂಗೇ ಮಾಡ್ತೀನಿ."

"ಸರಿ," ಅಂದಳು ಪಲ್ಲವಿ. ಒಣಗಿದ ಸೀರೆಯನ್ನು ಮಡಿಸಿದಳು, ಮಡಿಕೆ ಸರಿಯಾಗಲಿಲ್ಲ ಅಂತ ಬಿಚ್ಚಿ ಇನ್ನೊಂದು ಸಲ ಮ‌ಡಿಸಿದಳು.

ಬುಧವಾರ, ಗುರುವಾರ ಸಿಂಚನ ಮಾತ್ರೆ ಇಸಿದುಕೊಂಡು ಸಿಂಕಿಗೆ ಹಾಕಿದಳು. ಗುರುವಾರ ಮಧ್ಯಾಹ್ನವೇ ಅವಳಿಗೆ ಹೊರಗಾಯಿತು. "ಇದೇನೇ ಇದು, ಆ ಮೆಡಿಕಲ್ಲಿನೋನು ಹಳೇ ಮಾಲು ಕೊಟ್ಟನಾ?" ಅಂತ ವನಜಾಕ್ಷಮ್ಮ ಗೊಣಗಿ, ಅವಳ ಹಾಸಿಗೆಯನ್ನು ಹಿಂದಿನ ಕೋಣೆಗೆ ಹಾಕಿದರು. ಪಲ್ಲವಿಗೆ ಇನ್ನೂ ಆಗಿರಲಿಲ್ಲ. ಒಬ್ಬೊಬ್ಬರ ಮೈ ಒಂದೊಂದು ತರ, ನಾಳೆ ಆಗಬಹುದು ಅಂತ ಸಿಂಚನ ತನಗೆ ತಾನೇ ಹೇಳಿಕೊಂಡಳು. ಆದರೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಶುಕ್ರವಾರ ಬೆಳಗಿನ ಎಣಿಕೆ ಸರ್ವರಿನ ತೊಂದರೆಯಿಂದ ತಡವಾಗಿ, ಹತ್ತು ಗಂಟೆಗೆ ಅವಳ ಮೊಬೈಲಿಗೆ ಬಂತು. ಸ್ಪಂದನ ನಲವತ್ತರಿಂದ ಇಪ್ಪತ್ತೊಂಬತ್ತಕ್ಕೆ. ಕುಣಿಗಲ್ಲಿನ ಸೊಸೆ ಮೂವತ್ತೈದರಿಂದ ಇಪ್ಪತ್ತಾರಕ್ಕೆ. ಸಾಲಿಗೆ ಸಾಲೇ ಇಳಿದಿತ್ತು. ೧೧೮೭, ನಲವತ್ತೊಂದರಿಂದ ನಲವತ್ತೇಳಕ್ಕೆ ಏರಿತ್ತು.

ನಡುಮನೆಯಿಂದ ಗಂಟೆಯ ಸದ್ದು, ಹೆಂಗಸರ ಮಾತು, ನಡುವೆ ಪಲ್ಲವಿ ಹಾಡುವ ದನಿ ಕೇಳುತ್ತಿತ್ತು. ಆ ದನಿಯಲ್ಲಿ ಎಷ್ಟು ಹಿಗ್ಗಿತ್ತು ಅಂದರೆ, ಸಿಂಚನಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಎದ್ದಳು. ಸ್ನಾನವಿಲ್ಲ, ತಲೆ ಬಾಚಿಲ್ಲ, ಹಾಗೆಯೇ ಓಡಿದಳು.

"ಏಯ್ ಏಯ್! ನಿಂತ್ಕೋ! ಬಾಗಿಲಲ್ಲೇ ನಿಂತ್ಕೋ!" ಅಂತ ವನಜಾಕ್ಷಮ್ಮ ಕೂಗಿದರು. ಸಿಂಚನ ನಿಲ್ಲಲಿಲ್ಲ. ಹೊಸಿಲು ದಾಟಿ, ಜರತಾರಿ ಸೀರೆಗಳ ನಡುವೆ ಕಾಲಿಟ್ಟುಕೊಂಡು ಹೋಗಿ ಮಣೆಯ ಪಕ್ಕ ಕುಕ್ಕರಿಸಿದಳು.

"ಅಕ್ಕ, ತಗೊಂಡ್ಯಾ?"

ಪಲ್ಲವಿ ಕಲಶದಿಂದ ಕಣ್ಣು ತೆಗೆಯಲಿಲ್ಲ. "ಇವತ್ತೊಂದೇ ದಿನ ಸಿಂಚು," ಅಂದಳು ಮೆಲ್ಲಗೆ. "ಇವತ್ತೊಂದು ದಿನ ಮುಗಿಸ್ಕೊಂಡು ಬಿಡ್ತಿದ್ದೆ."

"ಏನು ತಗೊಂಡ್ಳು? ಏನೇ ಅದು, ಬಾಯಿ ಬಿಡು!" ಅಂದರು ವನಜಾಕ್ಷಮ್ಮ.

ಸಿಂಚನ ಇಪ್ಪತ್ತು ಜನ ಹೆಂಗಸರ ಎದುರು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. ಮಾತ್ರೆ, ಹಿತ್ತಿಲ ಬಾಗಿಲು, ಮೂರನೇ ಸೋಮವಾರ, ಇಂಜೆಕ್ಷನ್. ವನಜಾಕ್ಷಮ್ಮನ ಕೈಯಲ್ಲಿದ್ದ ಆರತಿ ತಟ್ಟೆ ವಾಲಿತು. ಪಕ್ಕದವಳು ಹಿಡಿದುಕೊಂಡಳು.

"ಯಾವತ್ತು ಗೊತ್ತಾಯ್ತು ನಿಂಗೆ?"

"ಮಂಗಳವಾರ."

"ಮಂಗಳವಾರ ಗೊತ್ತಾಗಿ, ಬುಧವಾರ, ಗುರುವಾರ, ಇವತ್ತು, ಮೂರು ದಿನ ನನ್ನ ಕೈಯಾರೆ ಅವಳ ಬಾಯಿಗೆ ವಿಷ ಹಾಕಿಸಿದ್ಯಲ್ಲೇ! ನನ್ನ ಒಂದು ಮಾತು ಕೇಳ್ಬಾರ್ದಿತ್ತಾ? ನಾನೇನು ರಾಕ್ಷಸೀನಾ?" ಅವರ ದನಿ ಒಡೆಯಿತು.

ಪಲ್ಲವಿ ಮಣೆಯಿಂದ ಏಳಲು ಹೋದಳು. ಮುದುಕಿ ಅವಳ ಭುಜ ಹಿಡಿದು ಒತ್ತಿ ಕೂರಿಸಿದರು.

"ಎಲ್ಲಿಗೆ ಏಳ್ತೀಯಾ? ಕೂತ್ಕೋ. ಈಗ್ಲೇ ಆಗ್ಲಿ, ಇಲ್ಲೇ ಆಗ್ಲಿ, ದಾರ ಕಟ್ಟಿಸ್ಕೊಂಡೇ ಏಳು. ಮಹಾಲಕ್ಷ್ಮಿ ಏನು ಗಂಡಸಾ, ಗೊತ್ತಾಗದೇ ಇರೋಕೆ? ಏಯ್ ಸಿಂಚು, ನೀನೂ ಅಲ್ಲೇ ಕೂತ್ಕೋ. ಯಾರಿಗಾದ್ರೂ ಮೈಲಿಗೆ ಅನ್ನಿಸಿದ್ರೆ ಕುಂಕುಮ ತಗೊಂಡು ಹೊರಡ್ಬಹುದು, ನಂಗೇನೂ ಬೇಜಾರಿಲ್ಲ."

ಇಬ್ಬರು ಎದ್ದು ಹೋದರು. ಉಳಿದವರು ಮುಖ ಮುಖ ನೋಡಿಕೊಂಡರು. ಮೂಲೆಯಲ್ಲಿದ್ದ ಎದುರುಮನೆಯವಳು, "ನಂದೂ ಇವತ್ತಿಗೆ ಹತ್ತನೇ ಮಾತ್ರೆ," ಅಂದಳು. "ನಂದು ಎಂಟು," ಅಂದಳು ಇನ್ನೊಬ್ಬಳು. ವನಜಾಕ್ಷಮ್ಮ ಕಣ್ಣೊರೆಸಿಕೊಂಡು ಪಲ್ಲವಿಯ ಬಲಗೈಗೆ ಒಂಬತ್ತು ಗಂಟಿನ ದಾರ ಕಟ್ಟಿದರು, ಆಮೇಲೆ ಸಿಂಚನಳಿಗೂ ಕಟ್ಟಿದರು. ಅಷ್ಟೆ, ಪೂಜೆ ಮುಗಿಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಶನಿವಾರ ನಲವತ್ತೆಂಟು. ಭಾನುವಾರ ನಲವತ್ತು. ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ. ವನಜಾಕ್ಷಮ್ಮ ಗಂಟೆಗೊಂದು ಸಲ ಸೊಸೆಯ ಹಣೆ ಮುಟ್ಟಿ ನೋಡುತ್ತಿದ್ದರು, ಜ್ವರವೇನೋ ಅನ್ನುವ ಹಾಗೆ.

ಸೋಮವಾರ ಒಂಬತ್ತಕ್ಕೆ ಗೋಡೆ ಹಸಿರಾಯಿತು. ಅರವತ್ತೊಂದರಲ್ಲಿ ಐವತ್ತೇಳು ಹಸಿರು. ಬೀಗ ಗೆದ್ದಿತ್ತು. ರೆಜಿನಾ ಚಪ್ಪಾಳೆ ತಟ್ಟಿದರು, ಯಾರೋ ಸ್ವೀಟ್ ತರಿಸಲು ಹೊರಟರು. ಉಳಿದ ನಾಲ್ಕು ಹಳದಿಯಲ್ಲಿ ೧೧೮೭ ಒಂದು. ಇಪ್ಪತ್ತೇಳು.

"ಒಂದೇ ಒಂದು ದಿನ ತಡೀರಿ ಸಾರ್. ನಾಳೆ ಇಳಿದೇ ಇಳಿಯುತ್ತೆ," ಅಂದಳು ಸಿಂಚನ.

ರವಿಕಿರಣ್ ಅವಳ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. "ನಾಳೆ ಇಳಿಯುತ್ತೆ, ನಂಗೂ ಗೊತ್ತು. ಆದ್ರೆ ಎರಡು ವಾರದ ಮೇಲೆ ಅಲೆದಿವೆ ಸಿಂಚನಾ. ಇಳೀತು ಅಂದ್ರೆ ಎಲ್ಲೋ ಹೋಗಿ ಕೂತ್ವು ಅಂತಲೂ ಆಗಬಹುದಲ್ವಾ? ನಾವು ಕಣ್ಣು ಮುಚ್ಕೊಂಡ್ರೆ ನಿಮ್ಮಕ್ಕಂಗೇ ಮೋಸ."

ಅವಳಿಗೂ ಅದು ಗೊತ್ತಿತ್ತು. ಆ ನಿಯಮದ ಕೆಳಗೆ ಅವಳದೇ ಸಹಿಯೂ ಇತ್ತು. ಪಲ್ಲವಿಯ ಹೆಸರಿನ ಮುಂದೆ ಬೀಗ ನಿಲ್ಲಿಸಿ, ಗುರುವಾರಕ್ಕೆ ಮೊದಲ ಇಂಜೆಕ್ಷನ್ ಅಂತ ಬರೆದು, ಕಾರಿಡಾರಿಗೆ ಹೋಗಿ ಫೋನ್ ಮಾಡಿದಳು. ಒಂದೇ ರಿಂಗಿಗೆ ಪಲ್ಲವಿ ಎತ್ತಿದಳು.

"ಹೇಳೇ."

"ಅಕ್ಕ," ಅಂದಳು ಸಿಂಚನ.

"ಗೊತ್ತಾಯ್ತು ಬಿಡು," ಅಂದಳು ಪಲ್ಲವಿ. ಆ ಕಡೆ ಕುಕ್ಕರ್ ಕೂಗುತ್ತಿತ್ತು. ಅದು ನಿಲ್ಲುವ ತನಕ ಇಬ್ಬರೂ ಕಾದರು. "ಅಳ್ಬೇಡ. ಯಾವತ್ತು ಬರ್ಬೇಕು?"

"ಗುರುವಾರ. ನಾನೇ ಕರ್ಕೊಂಡು ಬರ್ತೀನಿ ಅಕ್ಕ. ಒಂದು ದಿನವೂ ಬಿಟ್ಟಿರಲ್ಲ."

"ಹೂಂ." ಆಮೇಲೆ ಅವಳು, "ಒಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಬೈಯೋಕೆ ಅಲ್ಲ, ಸುಮ್ನೆ ಕೇಳ್ತಿದೀನಿ. ಅತ್ತೆ ಎಷ್ಟು ಸಲೀಸಾಗಿ ಕೂತ್ಕೋ ಅಂದ್ಬಿಟ್ರಲ್ಲೇ. ಊರ ಅತ್ತೇರಿಗೆಲ್ಲ ಫೋನ್ ಮಾಡ್ದೋಳು, ಮಂಗಳವಾರ ಯಾಕೆ ಇವರಿಗೊಂದು ಮಾತು ಹೇಳ್ಲಿಲ್ಲ?" ಅಂದಳು.

"ಹೆದರ್ಕೊಂಡೆ ಅಕ್ಕ."

"ನಾನೂ ಅಷ್ಟೇ ಕಣೆ," ಅಂದಳು ಪಲ್ಲವಿ.